ಅಡಿಕೆ ಕೈಪಿಡಿ ತಾಣ: ಶೀರ್ಷಿಕೆಗಳ ದುರಸ್ತಿ ಎಲ್ಲಿಗೆ ಬಂತು

ರೋಗ, ಕೀಟ ಮತ್ತು ಗೊಬ್ಬರದ ಪುಟಗಳು ಮುಗಿದಿವೆ. ಕೊಯ್ಲು, ಸಂಸ್ಕರಣೆಯ ಪುಟಗಳು ಬಾಕಿ.

ವೆಬ್ ಪುಟದಲ್ಲಿ ಶೀರ್ಷಿಕೆಯ ಮಟ್ಟವನ್ನು ಹೇಳುವುದು ಎಚ್1ರಿಂದ ಎಚ್6ರವರೆಗಿನ ಟ್ಯಾಗ್‌ಗಳು; ಎಚ್1 ಎಲ್ಲಕ್ಕಿಂತ ಮೇಲಿನದು. ತಾಣದ ಹಳೆಯ ಥೀಮ್‌ನಲ್ಲಿ, ಅಂದರೆ ವಿನ್ಯಾಸದಲ್ಲಿ, ಪುಟದ ಪ್ರತಿ ಸೆಕ್ಷನ್‌ಗೂ ಒಂದೊಂದು ಎಚ್1 ಇತ್ತು. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್5ರ ಹೊಸತರಲ್ಲಿ ಔಟ್‌ಲೈನ್ ಅಲ್ಗಾರಿದಂ ಎಂದೊಂದು ಆಸೆ ಹುಟ್ಟಿಸಿದ್ದರು: ಎಲ್ಲ ಕಡೆ ಎಚ್1 ಹಾಕಿ, ಸೆಕ್ಷನ್ ಎಷ್ಟು ಒಳಗಿದೆ ಅನ್ನುವುದನ್ನು ನೋಡಿ ಬ್ರೌಸರೇ ಮಟ್ಟ ಲೆಕ್ಕ ಹಾಕಿಕೊಳ್ಳುತ್ತದೆ ಎಂದು. ಬ್ರೌಸರ್‌ಗಳು ಅದನ್ನು ಜಾರಿಗೆ ತರಲೇ ಇಲ್ಲ. 2022ರಲ್ಲಿ ಮಾನದಂಡದಿಂದಲೂ ಅದನ್ನು ಕೈಬಿಟ್ಟರು. ಆದರೂ ತಪ್ಪು ಇಷ್ಟು ವರ್ಷ ಕಣ್ಣಿಗೆ ಬೀಳದಿರಲು ಕಾರಣವಿದೆ. ಸೆಕ್ಷನ್ ಒಳಗಿನ ಎಚ್1ನ ಗಾತ್ರವನ್ನು ಬ್ರೌಸರ್‌ಗಳು ತಾವಾಗಿಯೇ 2 ಎಮ್‌ನಿಂದ 1.5 ಎಮ್‌ಗೆ (ಎಮ್ ಅಂದರೆ ಅಕ್ಷರಗಾತ್ರದ ಅಳತೆ) ಇಳಿಸುತ್ತಿದ್ದವು, ಅಂದರೆ ಎಚ್2ರ ಅಳತೆಗೆ. ನೋಡಲು ಎಲ್ಲ ಸರಿ, ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಮಾತ್ರ ಪುಟದ ತುಂಬ ಮೊದಲ ಮಟ್ಟದ ಶೀರ್ಷಿಕೆಗಳೇ.

ಈಗ ಪುಟಕ್ಕೆ ಒಂದೇ ಎಚ್1, ಅದು ಪುಟದ ಹೆಸರು. ರೋಗಗಳ ಪುಟದ ಕಟ್ಟು ಹೀಗಿದೆ:

ಎಚ್1: ಅಡಿಕೆಯ ರೋಗಗಳು
ಎಚ್2: ಕೊಳೆರೋಗ
ಎಚ್3: ಲಕ್ಷಣ
ಎಚ್3: ಹತೋಟಿ
ಎಚ್4: ಶೇ. 1ರ ಬೋರ್ಡೋ ದ್ರಾವಣ
ಎಚ್2: ಅಣಬೆ ರೋಗ

ಬೋರ್ಡೋ ದ್ರಾವಣದ ಕೆಳಗೆ "ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್" ಎಂಬ ಸಾಲು ಎಚ್5ರಲ್ಲಿತ್ತು. ಚಿಕ್ಕದಾಗಿ, ದಪ್ಪಗೆ ಕಾಣಲಿ ಎಂದು ಹಾಗೆ ಹಾಕಿದ್ದು. ಅದರ ಅಡಿಯಲ್ಲಿ ಬರುವ ವಿಷಯವೇ ಇಲ್ಲದ ಮೇಲೆ ಅದು ಶೀರ್ಷಿಕೆಯಲ್ಲ, ಪಟ್ಟಿಯಾಗಿ ಬದಲಾಯಿತು.

ಇದಕ್ಕೆ ಉಲ್ಟಾ ರೋಗ ಇನ್ನೂ ಹೆಚ್ಚು: ಪ್ಯಾರಾ ಟ್ಯಾಗ್ ಒಳಗೆ ಬರೀ ಬೋಲ್ಡ್ ಮಾಡಿಟ್ಟ ನಕಲಿ ಶೀರ್ಷಿಕೆಗಳು. ಹುಡುಕಲು "ಪ್ಯಾರಾದ ಒಂದೇ ಮಗು ಸ್ಟ್ರಾಂಗ್" ಎಂದು ಟ್ಯಾಗ್‌ಗಳನ್ನು ಆರಿಸುವ ಸಿಎಸ್‌ಎಸ್ ಸೆಲೆಕ್ಟರ್ ಸಾಕು ಅನ್ನಿಸುತ್ತದೆ (ಸ್ಟ್ರಾಂಗ್ ಅಂದರೆ ಅಕ್ಷರ ದಪ್ಪಗಾಗಿಸುವ ಟ್ಯಾಗ್), ಸಾಲದು. ಓನ್ಲಿ-ಚೈಲ್ಡ್ ಸೆಲೆಕ್ಟರ್ ಬರೀ ಪಠ್ಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಉದ್ದನೆಯ ಪ್ಯಾರಾದ ನಡುವೆ ಒಂದೇ ಪದ ದಪ್ಪಗಿದ್ದರೂ ಬಲೆಗೆ ಬೀಳುತ್ತದೆ. ಪ್ಯಾರಾದ ಪಠ್ಯವೂ ಸ್ಟ್ರಾಂಗ್‌ನ ಪಠ್ಯವೂ ಒಂದೇ ಇದೆಯೇ ಎಂದು ಸ್ಕ್ರಿಪ್ಟ್‌ನಲ್ಲಿ ಹೋಲಿಸಿ ನೋಡಿದ ಮೇಲೆ ಪಟ್ಟಿ ಶುದ್ಧವಾಯಿತು. ಅದರಲ್ಲೂ "ಎಚ್ಚರಿಕೆ: ತಾಮ್ರದ ಪಾತ್ರೆ ಅಥವಾ ಪ್ಲಾಸ್ಟಿಕ್ ಡ್ರಮ್ ಮಾತ್ರ ಬಳಸಿ" ಥರದವನ್ನು ಕೈಯಾರೆ ಬಿಟ್ಟುಬಿಡಬೇಕು. ಪೂರ್ತಿ ಯಂತ್ರಕ್ಕೆ ಒಪ್ಪಿಸುವ ಕೆಲಸವಲ್ಲ ಇದು.

ಕನ್ನಡದ ಪುಟ ಎಂಬ ಕಾರಣಕ್ಕೇ ಬಂದ ತೊಡಕುಗಳು ಬೇರೆ. ಥೀಮ್ ಎಚ್4 ಅನ್ನು ದೊಡ್ಡಕ್ಷರದಿಂದ ಬೇರ್ಪಡಿಸುತ್ತಿತ್ತು. ಕನ್ನಡಕ್ಕೆ ದೊಡ್ಡಕ್ಷರ, ಚಿಕ್ಕಕ್ಷರ ಎಲ್ಲಿಂದ ಬರಬೇಕು? ಎಚ್4ಕ್ಕೂ ಬೋಲ್ಡ್ ಪ್ಯಾರಾಗೂ ವ್ಯತ್ಯಾಸವೇ ಉಳಿದಿರಲಿಲ್ಲ. ಈಗ ಎಡಕ್ಕೊಂದು ಬಣ್ಣದ ಗೆರೆ. ಲೈನ್-ಹೈಟ್ (ಸಾಲಿನ ಎತ್ತರ) 1.1 ಇದ್ದುದರಿಂದ ಎರಡು ಸಾಲಿನ ಶೀರ್ಷಿಕೆಗಳಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು. 1.45ಕ್ಕೆ ಏರಿಸಿದೆವು.

ಹೆಚ್ಚು ಹೊತ್ತು ತಿಂದದ್ದು ಐಡಿಗಳು, ಅಂದರೆ ಪುಟದೊಳಗೆ ಶೀರ್ಷಿಕೆಯನ್ನು ಗುರುತಿಸುವ ಹೆಸರುಗಳು. ಪುಟದ ಮೇಲಿನ ಪರಿವಿಡಿ ಪ್ರತಿ ಶೀರ್ಷಿಕೆಯ ಐಡಿಗೆ ಕೊಂಡಿ ಹಾಕುತ್ತದೆ. ಐಡಿಯನ್ನು ಶೀರ್ಷಿಕೆಯ ಪಠ್ಯದಿಂದಲೇ ಸ್ಲಗ್ ಫಂಕ್ಷನ್ ತಯಾರಿಸುತ್ತದೆ. ಈ ಫಂಕ್ಷನ್ ಅಕ್ಷರಗಳನ್ನಷ್ಟೇ ಉಳಿಸಿಕೊಂಡು ಮಿಕ್ಕಿದ್ದನ್ನು ತೆಗೆಯುತ್ತದೆ. ಪೈಥಾನ್ ಭಾಷೆಯ ರೆಗೆಕ್ಸ್‌ನಲ್ಲಿ (ಪಠ್ಯ ಹುಡುಕುವ ಮಾದರಿ) ಅಕ್ಷರವನ್ನು ಸೂಚಿಸುವ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯು ಕನ್ನಡದ ಮೂಲಾಕ್ಷರಗಳನ್ನು ಒಪ್ಪುತ್ತದೆ, ಆದರೆ ಸ್ವರಚಿಹ್ನೆಗಳನ್ನೂ ವಿರಾಮವನ್ನೂ (ಅರ್ಧಾಕ್ಷರ ಮಾಡುವ ಚಿಹ್ನೆ) ಅಕ್ಷರವೆಂದು ಒಪ್ಪುವುದಿಲ್ಲ. "ಕನ್ನಡ" ಹೋಗಿ "ಕನನಡ" ಆಗುತ್ತದೆ. "ಬೆಲೆ", "ಬಲಿ", "ಬೇಲಿ" ಮೂರೂ "ಬಲ"! ಒಂದೇ ಐಡಿ ಎರಡು ಕಡೆ ಬಂದರೆ ಕೊಂಡಿ ಯಾವಾಗಲೂ ಮೊದಲನೆಯದಕ್ಕೇ ಒಯ್ಯುತ್ತದೆ. ಜಾವಾಸ್ಕ್ರಿಪ್ಟ್‌ನ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯು ಅಂತೂ ಕನ್ನಡವನ್ನು ಇಡಿಯಾಗಿ ಅಳಿಸಿ ಖಾಲಿ ಐಡಿ ಕೊಡುತ್ತದೆ. ಅಲ್ಲಿ ಯು ಫ್ಲ್ಯಾಗ್ ಹಾಕಿ ಯೂನಿಕೋಡ್‌ನ ಎಲ್ (ಅಕ್ಷರ), ಎಂ (ಚಿಹ್ನೆ), ಎನ್ (ಅಂಕಿ) ಎಂಬ ಮೂರು ವರ್ಗಗಳನ್ನೂ ಉಳಿಸಿಕೊಳ್ಳಬೇಕು. ಸ್ವರಚಿಹ್ನೆಗಳಿರುವುದು ಎಂ ವರ್ಗದಲ್ಲಿ, ಜನ ಮರೆಯುವುದೂ ಅದನ್ನೇ.

ಅಷ್ಟು ಮಾಡಿದರೂ ಒಂದೊಂದು ಕನ್ನಡ ಸಂಕೇತ ಕೊಂಡಿಯಲ್ಲಿ ಪರ್ಸೆಂಟ್ ಗುರುತುಗಳ ಸಮೇತ 9 ಅಕ್ಷರವಾಗಿ ಹಿಗ್ಗುತ್ತದೆ. ಕಣ್ಣಿಗೆ ಕಾಣದ ಜಡ್‌ಡಬ್ಲ್ಯುಎನ್‌ಜೆ (ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಸಂಕೇತ) ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಕೊಂಡಿ ಕೂಡುವುದೇ ಇಲ್ಲ. ಹಾಗಾಗಿ ಎಚ್2, ಎಚ್3ಗಳಿಗೆ ಇಂಗ್ಲಿಷ್ ಲಿಪಿಯ ಚಿಕ್ಕ ಐಡಿಯನ್ನು ಕೈಯಿಂದಲೇ ಕೊಡುವುದೆಂದು ತೀರ್ಮಾನಿಸಿದೆವು. ಶೀರ್ಷಿಕೆಯ ಪದ ತಿದ್ದಿದರೂ ಹಳೆಯ ಕೊಂಡಿ ಮುರಿಯುವುದಿಲ್ಲ.

ಮುಗಿದ ಪುಟಗಳ ಪರೀಕ್ಷೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಲ್ಲಿ. ಇನ್‌ಸರ್ಟ್ ಮತ್ತು ಎಫ್7 ಒಟ್ಟಿಗೆ ಒತ್ತಿದರೆ ಪುಟದ ಅಂಶಗಳ ಪಟ್ಟಿ ತೆರೆಯುತ್ತದೆ, ಅದರಲ್ಲಿ ಶೀರ್ಷಿಕೆಗಳನ್ನು ಆರಿಸಿಕೊಳ್ಳಬಹುದು; ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, 3 ಒತ್ತಿದರೆ ಮುಂದಿನ ಎಚ್3. ಎಚ್2ರಿಂದ ನೇರ ಎಚ್4ಕ್ಕೆ ಹಾರಿದ್ದ ಕಡೆ 3 ಒತ್ತಿದವರಿಗೆ ಹತೋಟಿಯ ಭಾಗ ಸಿಗುತ್ತಲೇ ಇರಲಿಲ್ಲ. ತಾಣಗಳು ಎಲ್ಲರಿಗೂ ಬಳಸಲು ಬರುವಂತಿರಬೇಕು ಎನ್ನುವ ಡಬ್ಲ್ಯುಸಿಎಜಿ ಮಾರ್ಗಸೂಚಿ ಮಟ್ಟ ಹಾರಿಸುವುದನ್ನು ನೇರವಾಗಿ ತಪ್ಪೆಂದು ಹೇಳದಿದ್ದರೂ ನಾವು ಹಾರಿಸಲು ಬಿಟ್ಟಿಲ್ಲ. ಪುಟದ ಭಾಷೆ ಹೇಳುವ ಲ್ಯಾಂಗ್ ಗುಣ ಕನ್ನಡವೆಂದು ಇರಲೇಬೇಕು, ಇಲ್ಲದಿದ್ದರೆ ಓದುವ ಧ್ವನಿ ಭಾಷೆ ಬದಲಿಸದೆ ತಡವರಿಸಬಹುದು.

ಸಂಸ್ಕರಣೆಯ ಪುಟಗಳಲ್ಲಿ ಚಾಲಿ, ಕೆಂಪಡಿಕೆಯ ವಿವರಗಳು ಮಡಚುವ ಪೆಟ್ಟಿಗೆಯೊಳಗಿವೆ. ಪೆಟ್ಟಿಗೆ ಮಡಚಿದಾಗಲೂ ಕಾಣುವ ಸಾಲಿನ ಸಮ್ಮರಿ ಟ್ಯಾಗ್ ಒಳಗೆ ಎಚ್3 ಇಡಲು ನಿಯಮ ಒಪ್ಪುತ್ತದೆ, ಆದರೆ ಕೆಲವು ಸ್ಕ್ರೀನ್ ರೀಡರ್‌ಗಳು ಇಡೀ ಸಮ್ಮರಿಯನ್ನು ಬಟನ್ ಎಂದು ಓದಿ ಶೀರ್ಷಿಕೆಯನ್ನು ಪಟ್ಟಿಯಿಂದಲೇ ಕೈಬಿಡುತ್ತವೆ. ಎಚ್3 ಅನ್ನು ಪೆಟ್ಟಿಗೆಯ ಹೊರಗೆ, ಮೇಲೆ ಇಟ್ಟು, ಸಮ್ಮರಿಯಲ್ಲಿ "ಬೇಯಿಸುವ ಕ್ರಮ" ಎಂಬಂಥ ಸಾದಾ ಸಾಲನ್ನು ಬಿಡುವ ಯೋಚನೆ. ಮುಂದಿನ ಸುತ್ತು ಅಲ್ಲಿಂದ.