ಸುರಪುರ ಸೀಮೆಯಲ್ಲೊಂದು ಕತ್ತಲ ರಾತ್ರಿ

ಕಲಬುರಗಿಯಿಂದ ಸುರಪುರದ ಬಸ್ಸು ಹತ್ತಿದಾಗ ಮಧ್ಯಾಹ್ನ ಎರಡು ಗಂಟೆ. ಕಟ್ಟಿಸಂಗಾವಿ ಸೇತುವೆಯ ಕೆಳಗೆ ಭೀಮೆ ಕೆಂಪಗೆ ಹರಿಯುತ್ತಿದ್ದಳು. ಜೇವರ್ಗಿ ದಾಟಿದರೆ ಎರಡೂ ಕಡೆ ಎರೆಹೊಲ, ಆಗಷ್ಟೇ ತೊಗರಿ ಬಿತ್ತಿದ್ದರು. ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ಕಿಟಕಿಯಿಂದಲೇ ನೋಡಿದೆ. ಇಳಿಯಲು ಹೊತ್ತಿರಲಿಲ್ಲ. ಅಂದು ಮೊಹರಂನ ಕತಲ್ ರಾತ್ರಿ. ಕತಲ್ ಅಂದರೆ ಕೊಲೆ. ಈ ಕಡೆಯ ಜನರ ಬಾಯಲ್ಲಿ ಅದು 'ಕತ್ತಲ ರಾತ್ರಿ' ಆಗಿದೆ. ಅರ್ಥವೇನೂ ಕೆಟ್ಟಿಲ್ಲ ಅಲ್ವಾ?

ಗೆಳೆಯನ ಊರು ಸುರಪುರದಿಂದ ಒಳಗೆ. ಅಲ್ಲಿ ಮುಸ್ಲಿಮರ ಮನೆ ಎರಡೇ, ಅಲಾಯಿ ಹಬ್ಬ (ಮೊಹರಂಗೆ ಈ ಕಡೆಯ ಹೆಸರು) ಮಾತ್ರ ಇಡೀ ಊರಿನದು. ಗೆಳೆಯನ ತಾಯಿ ಹಬ್ಬದ ಸಿಹಿ ಚೊಂಗೆ ಮಾಡಿದ್ದರು. ಮೊಮ್ಮಗ ಕೊರಳಿಗೆ ಹರಕೆಯ ದಾರ ಲಾಡಿ ಕಟ್ಟಿಕೊಂಡು ಫಕೀರನಾಗಿದ್ದ.

ರಾತ್ರಿ ಹತ್ತಕ್ಕೆ ಅಲಾಯಿ ಕುಣಿಗೆ, ಅಂದರೆ ಹಬ್ಬಕ್ಕೆ ತೋಡಿದ ಗುಂಡಿಗೆ, ಬೆಂಕಿ ಬಿತ್ತು. ಹಲಗೆಯ ಬಡಿತ ಶುರುವಾಯಿತು. ಊರೆಲ್ಲ 'ಮುತ್ಯಾ' ಎಂದು ಕರೆಯುವ ಹಿರಿಯರೊಬ್ಬರು ರಿವಾಯತ್ ಹಾಡು ಎತ್ತಿಕೊಂಡರು. ರಿವಾಯತ್ ಅಂದರೆ ಒಬ್ಬರಿಂದೊಬ್ಬರು ಕೇಳಿ ಹೇಳುತ್ತಾ ಬಂದದ್ದು. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರು ಮಡಿದ ಕಥೆ. ಮುತ್ಯಾ ಹಾಡಿದ್ದು ಹುಸೇನರ ಅಣ್ಣನ ಮಗ ಕಾಸಿಂನ ಪಾಲು. ಹಾಡಿನಲ್ಲಿ ಅವನಿಗೆ ಅರಿಶಿಣ ಹಚ್ಚುತ್ತಾರೆ, ಬಾಸಿಂಗ ಕಟ್ಟುತ್ತಾರೆ. ಕೈಯ ಕಂಕಣ ಬಿಚ್ಚುವ ಮೊದಲೇ ಯುದ್ಧಕ್ಕೆ ಹೋಗುತ್ತಾನೆ, ತಿರುಗಿ ಬರುವುದಿಲ್ಲ. ಕಂಕಣದ ಸಾಲು ಬಂದಾಗ ನನ್ನ ಪಕ್ಕದ ಅಜ್ಜಿ ಸೆರಗು ಕಣ್ಣಿಗೊತ್ತಿಕೊಂಡರು. ಕರ್ಬಲಾದ ಹುಡುಗ ಆ ಹೊತ್ತಿಗೆ ಅವರ ಮನೆಯ ಮದುಮಗ.

ಮುತ್ಯಾನ ಹಿಂದೆ ಆರೇಳು ಜನ ನಿಂತಿದ್ದರು. ಅವರು ಹೇಳಿದ ಕೊನೆಯ ಸಾಲನ್ನು ಎತ್ತಿ ಮತ್ತೆ ಹಾಡುವುದು ಇವರ ಕೆಲಸ. ಅದಕ್ಕೆ ಸೊಲ್ಲು ಹಿಡಿಯುವುದು ಅನ್ನುತ್ತಾರೆ. ನಾನು ನೋಟ್‌ಬುಕ್ ತೆಗೆದಿದ್ದನ್ನು ನೋಡಿ ಮುತ್ಯಾ ನಡುವೆ ಚಹಾ ಕುಡಿಯುತ್ತಾ ಅಂದರು: "ಬರ್ಕೋರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಸೊಲ್ಲು ಹಿಡೀಲಾರ್ದ ಹಾಡು ಬರಂಗಿಲ್ರಿ."

ಬರೆದುಕೊಂಡರೆ ಸಾಲದು, ಹಾಡು ಅಲ್ಲಲ್ಲೇ ಹುಟ್ಟುತ್ತದೆ ಅಂತ ಕಣ್ಣಾರೆ ಕಂಡೆ. ಕುಣಿಯಿಂದ ಕಿಡಿ ಹಾರಿದಾಗ ಮುತ್ಯಾ ಹಾಡಿನ ರಣರಂಗದಲ್ಲಿ ಮಿಂಚು ಹೊಡೆಸಿದರು. ಬರುವ ವರ್ಷ ಅದೇ ಸಾಲು ಇರುತ್ತದೋ ಇಲ್ಲವೋ. ನನ್ನ ಫೋನಿನಲ್ಲಿ ಇರುವುದು ಆ ಒಂದು ರಾತ್ರಿಯ ಹಾಡಷ್ಟೇ. ರೆಕಾರ್ಡ್ ಮಾಡುವುದು ಬೇಕು, ಖಂಡಿತ ಬೇಕು. ಆದರೆ ಹಿಂದೆ ನಿಂತವರಲ್ಲಿ ಹರೆಯದವನು ಒಬ್ಬನೇ. ಅದೇ ನನ್ನನ್ನು ಜಾಸ್ತಿ ಕಾಡಿತು.

ಬೆಳಗಿನ ಜಾವ ಮುತ್ಯಾ ಒಂದು ಸಾಲಿನ ನಡುವೆ ಸುಮ್ಮನಾದರು. ಮರೆತರು ಅಂದುಕೊಂಡೆ. "ಮುಂದ?" ಎಂದು ಆ ಹರೆಯದವನ ಕಡೆ ತಿರುಗಿದರು. ಹುಡುಗ ಕಣ್ಣು ಮುಚ್ಚಿ, ಎಳೆದು, ಪೂರಾ ಸಾಲು ಹಾಡಿದ. ಈ ಸಲ ಸೊಲ್ಲು ಹಿಡಿದವರು ಮುತ್ಯಾ.