ಜಾವರ್ ಬೆಟ್ಟದ ಬಿರುಕುಗಳು

ಉದಯಪುರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಜಾವರ್. ಅರಮನೆ, ಸರೋವರ ನೋಡಲು ಬಂದವರು ಇತ್ತ ಬರೋದು ಕಡಿಮೆ. ಸುತ್ತಲೂ ಅರಾವಳಿಯ ಒಣ ಗುಡ್ಡಗಳು. ಟೀಡಿ ನದಿಯ ಕಡೆಯಿಂದ ನೋಡಿದರೆ ಮೋಚಿಯಾ ಬೆಟ್ಟ ಗೋಡೆಯ ಹಾಗೆ ಎದ್ದು ನಿಂತಿದೆ.

"ಇದೊಂದೇ ಯಾಕೆ ಹೀಗೆ ಉಳೀತು, ಹೇಳು" ಅಂದ ಗೆಳೆಯ. ಭೂವಿಜ್ಞಾನ ಓದಿದವನು, ಉತ್ತರವನ್ನೂ ಅವನೇ ಕೊಟ್ಟ. ತಗ್ಗಿನಲ್ಲಿರೋದು ಫಿಲೈಟ್, ಹಾಳೆ ಹಾಳೆಯಾಗಿ ಏಳುವ ಮೆತ್ತನೆ ಕಲ್ಲು. ಮಳೆ ಗಾಳಿಗೆ ಸವೆದುಹೋಯಿತು. ಬೆಟ್ಟವಾಗಿ ಉಳಿದದ್ದು ಡಾಲಮೈಟ್. ಇಲ್ಲಿ ಕಡಲಿದ್ದಾಗ ಅದರ ತಳದಲ್ಲಿ ಕೂತ ಸುಣ್ಣದ ಕೆಸರು ಅದು. ಸತು, ಸೀಸ ಸಿಗೋದೂ ಇದರಲ್ಲೇ. ಸುಮಾರು 170 ಕೋಟಿ ವರ್ಷ ಹಳೆಯ ಅದಿರು. ಲೋಹ ಮೊದಲು ಕೆಸರಿನಲ್ಲೇ ಸೇರಿತ್ತು, ಆಮೇಲೆ ಭೂಮಿ ಪದರಗಳನ್ನು ಹಿಂಡಿ ಮಡಚಿದಾಗ ಫಿಲೈಟ್ ಬಾಗಿತು, ಡಾಲಮೈಟ್ ಬಿರಿಯಿತು, ಆ ಬಿರುಕುಗಳಿಗೆ ಅದಿರು ಹೋಗಿ ತುಂಬಿಕೊಂಡಿತು ಅನ್ನೋದು ಒಂದು ವಿವರಣೆ. ಬೆಟ್ಟವನ್ನು ಕಣ್ಣಾರೆ ನೋಡಿದ ಮೇಲೆ ನನಗೆ ಅದೇ ಸರಿ ಅನ್ನಿಸಿತು.

ದಾರಿ ಬದಿಯಲ್ಲಿ ಬಿದ್ದಿದ್ದ ಒಂದು ಕಲ್ಲನ್ನು ಅವನು ನನ್ನ ಅಂಗೈಲಿಟ್ಟ. ನಿಂಬೆಹಣ್ಣಿನಷ್ಟೇ ಗಾತ್ರ, ಆದರೆ ಕೈ ಕೆಳಗೆ ಇಳಿಯಿತು! ಬೂದು ಡಾಲಮೈಟಿನ ನಡುವೆ ಬೆಲ್ಲದ ಬಣ್ಣದ ಗೆರೆ. ಅದು ಸ್ಫಾಲರೈಟ್, ಸತುವಿನ ಅದಿರು. ಪಕ್ಕದಲ್ಲೇ ಕನ್ನಡಿ ಚೂರಿನಂತೆ ಮಿನುಗುವ ಪುಟ್ಟ ಚೌಕಗಳು, ಸೀಸದ ಗೆಲೀನಾ. ಚಾಕುವಿನಿಂದ ಸ್ಫಾಲರೈಟನ್ನು ಗೀರಿದಾಗ ಸಣ್ಣಗೆ ಗಂಧಕದ ವಾಸನೆ ಬಂತು.

ಇಲ್ಲಿನ ಹಳೇ ಗಣಿಗಳು 2000 ವರ್ಷಕ್ಕೂ ಹಿಂದಿನವು. ಬಂಡೆಗೆ ಬೆಂಕಿ ಹಾಕಿ, ಕಾಯಿಸಿ, ಬಿರಿಯಿಸಿ ಅದಿರಿನ ಗೆರೆ ಹಿಡಿದೇ ಒಳಗೆ ಇಳಿದಿದ್ದಾರೆ. ಆದರೆ ಸತುವನ್ನು ಬೇರ್ಪಡಿಸೋದು ಸುಲಭವಲ್ಲ. 907 ಡಿಗ್ರಿಗೆ ಅದು ಕುದಿದು ಆವಿಯಾಗುತ್ತದೆ, ಕುಲುಮೆಯಲ್ಲಿ ಬೇಕಾದ ಕಾವು ಅದಕ್ಕಿಂತ ಜಾಸ್ತಿ. ಸುಮ್ನೆ ಕಾಯಿಸಿದರೆ ಲೋಹ ಗಾಳಿಗೆ ಸೇರಿ ಸುಟ್ಟು ಬೂದಿಯಾಗುತ್ತದೆ. ಅದಕ್ಕೆ ಇವರು ಬದನೆಕಾಯಿ ಆಕಾರದ ಮಣ್ಣಿನ ಮೂಸೆ ಮಾಡಿದರು. ಹುರಿದ ಅದಿರು ತುಂಬಿ, ಬಾಯಿಗೆ ಕೊಳವೆ ಹಚ್ಚಿ, ತಲೆಕೆಳಗಾಗಿ ಒಂದು ಕುಲುಮೆಗೆ 36ರಂತೆ ನಿಲ್ಲಿಸಿದರು. ಮೇಲೆ ಬೆಂಕಿ, ಕೆಳಗೆ ತಂಪು. ಆವಿ ಕೆಳಗಿಳಿದು ಹನಿಯಾಯಿತು. ಇಂಗ್ಲೆಂಡಿನಲ್ಲಿ ವಿಲಿಯಂ ಚಾಂಪಿಯನ್ ಸತು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ಜಾವರ್‌ನಲ್ಲಿ ಅದಕ್ಕೂ ಶತಮಾನಗಳ ಮೊದಲೇ ಈ ಕೆಲಸ ನಡೆದಿತ್ತು.

ಬಳಸಿ ಬಿಟ್ಟ ಮೂಸೆಗಳು ಇಲ್ಲಿ ರಾಶಿ ರಾಶಿ. ಪಾಳು ಮನೆಯೊಂದರ ಗೋಡೆಯನ್ನು ಇಟ್ಟಿಗೆಯ ಬದಲು ಅವುಗಳಿಂದಲೇ ಕಟ್ಟಿದ್ದಾರೆ. ಮುಟ್ಟಿ ನೋಡಿದೆ. ಹೊರಗಡೆ ಬೆಂಕಿಗೆ ಕರಗಿ ಗಾಜಿನ ಹಾಗೆ ನುಣುಪಾಗಿದೆ.

"ನಮ್ಮ ಬಿದರಿ ಕೆಲಸದಲ್ಲೂ ಜಾಸ್ತಿ ಇರೋದು ಸತುವೇ, ಅಲ್ವಾ?" ಅಂತ ಕೇಳಿದೆ.

"ಹೂಂ. ತಾಮ್ರ ಸ್ವಲ್ಪವೇ."

ಅಮ್ಮನ ಬಿದರಿ ಡಬ್ಬಿಯ ತೂಕ ನೆನಪಾಯಿತು. ಕೈಲಿದ್ದ ಕಲ್ಲನ್ನು ಸಿಕ್ಕಿದ ಜಾಗದಲ್ಲೇ ಇಟ್ಟು ಬಂದೆ.