ಪಿಪ್ ‘ಎಲ್ಲ ಸರಿಯಿದೆ’ ಎಂದ ದಿನ

2024ರ ಜೂನ್ 17ರ ಸೋಮವಾರ ಬೆಳಿಗ್ಗೆ ನಾನು ಕೆಲಸಕ್ಕೆ ಕುಳಿತಾಗ, ಪ್ರತಿ ರಾತ್ರಿ ಹೊಸದಾಗಿ ಬಿಲ್ಡ್ ಆಗುವ ಕಂಟೇನರ್ ಇಮೇಜ್‌ನೊಳಗಿನ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದುದೆಲ್ಲ ಸೇರಿದ ಕಟ್ಟಿನೊಳಗಿನ) ನಮ್ಮ ಪೈಥಾನ್ ಪ್ರೋಗ್ರಾಂ, ದತ್ತಾಂಶ ಸಂಸ್ಕರಿಸುವ ಲೈಬ್ರರಿಯಾದ ಪಾಂಡಾಸ್ ಇಂಪೋರ್ಟ್ ಮಾಡುವ ಸಾಲಿನಲ್ಲೇ ನಿಂತುಹೋಗಿತ್ತು. ಶುಕ್ರವಾರ ಸಂಜೆಯಿಂದ ಯಾರೂ ಕೋಡ್‌ನ ಒಂದಕ್ಷರವನ್ನೂ ಬದಲಿಸಿರಲಿಲ್ಲ. ಎರರ್ ಸಂದೇಶದ ಸಾರ ಇಷ್ಟೇ ಆಗಿತ್ತು: ಪಾಂಡಾಸ್ ಆಧರಿಸಿರುವ ಗಣಿತದ ಲೈಬ್ರರಿ ನಂಪೈಯ ‘ಡಿಟೈಪ್’ (ದತ್ತಾಂಶದ ಬಗೆಯನ್ನು ವಿವರಿಸುವ) ರಚನೆಯ ಗಾತ್ರ ಬದಲಾಗಿದೆ, 96 ಇರಬೇಕಾದಲ್ಲಿ 88 ಸಿಕ್ಕಿದೆ.

ಇಂಥ ಸಂದೇಶ ಕಂಡಾಗ ಕೈ ತಾನಾಗಿಯೇ ಮಾಡುವ ಕೆಲಸಗಳನ್ನೇ ನಾನೂ ಮಾಡಿದೆ. ಪಾಂಡಾಸ್ ತೆಗೆದು ಮತ್ತೆ ಹಾಕಿದೆ, ಕ್ಯಾಶ್ ಅಳಿಸಿದೆ, ಇಮೇಜನ್ನು ಬುಡದಿಂದ ಬಿಲ್ಡ್ ಮಾಡಿಸಿದೆ. ಅಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಪೈಥಾನ್ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್‌ಗೆ ‘ಪಿಪ್ ಚೆಕ್’ ಕಮಾಂಡ್ ಕೊಟ್ಟರೆ, ಅವಲಂಬನೆಗಳಲ್ಲಿ (ಒಂದು ಪ್ಯಾಕೇಜ್‌ಗೆ ಬೇಕಾದ ಇತರ ಪ್ಯಾಕೇಜ್‌ಗಳಲ್ಲಿ) ಯಾವ ದೋಷವೂ ಇಲ್ಲ ಎಂಬ ಉತ್ತರ ಬಂತು. ಅದನ್ನು ನಂಬಿ, ಆಪರೇಟಿಂಗ್ ಸಿಸ್ಟಂನ ಲೈಬ್ರರಿಗಳ ಮೇಲೆ ಅನುಮಾನಪಟ್ಟು, ಮತ್ತರ್ಧ ಗಂಟೆ ಹಾಳುಮಾಡಿಕೊಂಡೆ.

ಕೊನೆಗೆ ದಾರಿ ತೋರಿದ್ದು ಅಳಿಸದೆ ಉಳಿದಿದ್ದ ಶುಕ್ರವಾರದ ಇಮೇಜ್. ಅದರಲ್ಲೂ ಹೊಸದರಲ್ಲೂ ಇನ್‌ಸ್ಟಾಲ್ ಆದ ಪ್ಯಾಕೇಜ್‌ಗಳ ಆವೃತ್ತಿಗಳನ್ನು ಪಟ್ಟಿ ಮಾಡುವ ‘ಪಿಪ್ ಫ್ರೀಜ್’ ಓಡಿಸಿ, ಎರಡು ಪಟ್ಟಿಗಳನ್ನು ವ್ಯತ್ಯಾಸ ತೋರಿಸುವ ಡಿಫ್‌ಗೆ ಕೊಟ್ಟೆ. ನಲವತ್ತಮೂರು ಸಾಲುಗಳಲ್ಲಿ ಮೂರು ಮಾತ್ರ ಬೇರೆಯಾಗಿದ್ದವು. ಎರಡು ಲೆಕ್ಕಕ್ಕಿಲ್ಲದ ಬದಲಾವಣೆಗಳು, ಮೂರನೆಯದರಲ್ಲಿ ನಂಪೈ 1.26.4 ಇದ್ದ ಜಾಗದಲ್ಲಿ 2.0.0 ಬಂದು ಕುಳಿತಿತ್ತು. ಹಿಂದಿನ ದಿನ, ಅಂದರೆ ಜೂನ್ 16ರಂದು, ಆ ಆವೃತ್ತಿ ಬಿಡುಗಡೆಯಾಗಿತ್ತು. 2006ರ ಬಳಿಕ ನಂಪೈಯ ಮೊದಲ ಅಂಕಿ ಬದಲಾದದ್ದು ಅದೇ ಮೊದಲು.

ಬೇಕಾದ ಪ್ಯಾಕೇಜ್‌ಗಳ ಪಟ್ಟಿಯಿರುವ ನಮ್ಮ ರಿಕ್ವೈರ್‌ಮೆಂಟ್ಸ್ ಫೈಲ್‌ನಲ್ಲಿ ಪಾಂಡಾಸ್ 2.0.3 ಎಂದು ಸ್ಪಷ್ಟವಾಗಿ ಬರೆದಿತ್ತು, ನಂಪೈಯ ಹೆಸರೇ ಇರಲಿಲ್ಲ. ಪಾಂಡಾಸ್ ಹೇಗೂ ಅದನ್ನು ಎಳೆದು ತರುತ್ತದಲ್ಲ ಎಂಬುದು ನನ್ನದೇ ಉದಾಸೀನ. 2023ರಲ್ಲಿ ಹೊರಬಂದ ಆ ಪಾಂಡಾಸ್, ತನಗೆ ನಂಪೈಯ ಕನಿಷ್ಠ ಆವೃತ್ತಿ ಯಾವುದಿರಬೇಕೆಂದು ಹೇಳಿತ್ತೇ ಹೊರತು ಗರಿಷ್ಠ ಮಿತಿಯನ್ನು ಹೇಳಿರಲಿಲ್ಲ. ಹೀಗಾಗಿ ಪಿಪ್‌ನ ಲೆಕ್ಕದಲ್ಲಿ 2.0.0 ಪೂರ್ತಿ ಕ್ರಮಬದ್ಧವಾದ ಆಯ್ಕೆಯಾಗಿತ್ತು. ಆದರೆ ಪಾಂಡಾಸ್‌ನ ಒಳಗಿರುವ ಸಿ ಭಾಷೆಯ ಭಾಗಗಳು ನಂಪೈ 1ರ ಹೆಡರ್‌ಗಳ (ರಚನೆಗಳ ವಿವರವಿರುವ ಫೈಲ್‌ಗಳ) ಜೊತೆ ಕಂಪೈಲ್ ಆಗಿದ್ದವು, ಮೆಮೊರಿಯಲ್ಲಿ ಆ ರಚನೆ 96 ಬೈಟ್ ಇರುತ್ತದೆಂದು ನಂಬಿದ್ದವು. ಪಿಪ್ ನೋಡುವುದು ಪ್ಯಾಕೇಜ್‌ನ ಮೆಟಾಡೇಟಾವನ್ನು, ಅಂದರೆ ಪ್ಯಾಕೇಜ್ ತನ್ನ ಬಗ್ಗೆ ಬರೆದುಕೊಂಡ ವಿವರವನ್ನು, ಮಾತ್ರ. ಅಲ್ಲಿ ಬರೆಯದಿದ್ದ ಸಂಗತಿ ‘ಪಿಪ್ ಚೆಕ್’ಗೆ ತಿಳಿಯುವ ದಾರಿಯೇ ಇಲ್ಲ, ಆ ಉತ್ತರ ಸುಳ್ಳೂ ಅಲ್ಲ, ನನಗೆ ಬೇಕಾದ ಉತ್ತರವೂ ಅಲ್ಲ. ಪಾಂಡಾಸ್ ತಂಡದವರನ್ನು ದೂರುವುದು ಸುಲಭ, ಆದರೆ ಪ್ರತಿ ಲೈಬ್ರರಿಯೂ ಮುಂದೆ ಬರಬಹುದಾದ ಆವೃತ್ತಿಗಳಿಗೆಲ್ಲ ಮೊದಲೇ ಬೇಲಿ ಹಾಕುತ್ತ ಹೋದರೆ ಯಾವ ಎರಡು ಲೈಬ್ರರಿಗಳೂ ಒಟ್ಟಿಗೆ ಬಾಳಲಾರವು.

ಮೂಲ ಕಾರಣ ಸಿಕ್ಕ ಹುರುಪಿನಲ್ಲಿ, ನಂಪೈ 2ಕ್ಕೆ ಒಗ್ಗುವ ಪಾಂಡಾಸ್ 2.2.2ಕ್ಕೆ ಏರಿಸಿಬಿಡೋಣವೆಂದುಕೊಂಡೆ. ಆಗ ಪಿಪ್ ಇನ್‌ಸ್ಟಾಲ್ ಮಾಡಲು ಒಪ್ಪಲೇ ಇಲ್ಲ. ಸಂದೇಶದ ಕೊನೆಯಲ್ಲಿ ‘ರೆಸಲ್ಯೂಷನ್ ಇಂಪಾಸಿಬಲ್’ (ಹೊಂದಾಣಿಕೆ ಅಸಾಧ್ಯ) ಎಂಬ ಬೆದರಿಸುವ ಮಾತಿತ್ತು; ನಿಜವಾದ ವಿಷಯ ಅದಕ್ಕಿಂತ ಮೇಲಿನ ಎರಡು ಸಾಲುಗಳಲ್ಲಿತ್ತು. ಬಳಕೆದಾರ ಕೇಳಿರುವುದು ಪಾಂಡಾಸ್ 2.2.2, ವರದಿ ತಯಾರಿಸುವ ನಮ್ಮದೇ ಇನ್ನೊಂದು ತಂಡದ ಪ್ಯಾಕೇಜ್‌ಗೆ ಬೇಕಿರುವುದು 2.1ಕ್ಕಿಂತ ಕೆಳಗಿನದು. ಪೈಥಾನ್‌ನಲ್ಲಿ ಒಂದು ಎನ್ವಿರಾನ್‌ಮೆಂಟ್‌ಗೆ (ಪ್ರೋಗ್ರಾಂ ಓಡುವ ಪ್ಯಾಕೇಜ್‌ಗಳ ಗುಂಪಿಗೆ) ಒಂದು ಪ್ಯಾಕೇಜ್‌ನ ಒಂದೇ ಆವೃತ್ತಿ. ಆದ್ದರಿಂದ ಇಬ್ಬರಲ್ಲಿ ಒಬ್ಬರು ಮಣಿಯಲೇಬೇಕಿತ್ತು.

ಸಹೋದ್ಯೋಗಿಯೊಬ್ಬರು ಅವಲಂಬನೆಗಳನ್ನು ಲೆಕ್ಕಿಸದ ‘ನೋ ಡೆಪ್ಸ್’ ಆಯ್ಕೆ ಹಾಕಿ ಒತ್ತಾಯದಿಂದ ಇನ್‌ಸ್ಟಾಲ್ ಮಾಡಲು ಸೂಚಿಸಿದರು. ಹಾಗೆ ಮಾಡಿದ್ದರೆ ಇನ್‌ಸ್ಟಾಲ್ ಆಗುತ್ತಿತ್ತು, ಆದರೆ ಆಗಷ್ಟೇ ಎದುರಿಗೆ ಬಂದು ನಿಂತಿದ್ದ ಘರ್ಷಣೆಯನ್ನು ಬೆಳಗಿನದರಂತೆಯೇ ಮೂಕ ಘರ್ಷಣೆಯಾಗಿ ಮಾಡಿದಂತಾಗುತ್ತಿತ್ತು. 2020ರ ನವೆಂಬರ್‌ನಲ್ಲಿ ಬಂದ ಪಿಪ್ 20.3ಕ್ಕಿಂತ ಹಿಂದೆ ಇದೇ ನಮ್ಮ ನಿತ್ಯದ ಸ್ಥಿತಿಯಾಗಿತ್ತು: ಮೊದಲು ಕಣ್ಣಿಗೆ ಬಿದ್ದ ಬೇಡಿಕೆಯಂತೆ ಪಿಪ್ ಆವೃತ್ತಿಯನ್ನು ಆರಿಸುತ್ತಿತ್ತು, ಉಳಿದವರಿಗೆ ಅದು ಒಗ್ಗದಿದ್ದರೆ ಎಚ್ಚರಿಕೆಯ ಒಂದು ಸಾಲು ಮುದ್ರಿಸಿ ಮುಂದೆ ಸಾಗುತ್ತಿತ್ತು. ಎಲ್ಲರಿಗೂ ಒಗ್ಗುವ ಆವೃತ್ತಿಗಳನ್ನು ಹುಡುಕುವ ಹೊಸ ರಿಸಾಲ್ವರ್ ಬಂದು, ಒಂದೊಂದೇ ಹಳೆಯ ಆವೃತ್ತಿಯನ್ನು ಇಳಿಸಿಕೊಂಡು ಪರೀಕ್ಷಿಸುತ್ತ ನಿಮಿಷಗಟ್ಟಲೆ ಕೂರಿಸಿದಾಗ ಗೊಣಗಿದವರಲ್ಲಿ ನಾನೂ ಒಬ್ಬ. ಆ ಸೋಮವಾರದ ಬಳಿಕ ಗೊಣಗುವುದನ್ನು ಬಿಟ್ಟಿದ್ದೇನೆ.

ಅಂದಿನ ಪರಿಹಾರ ಒಂದು ಸಾಲಿನದು. ಕನ್‌ಸ್ಟ್ರೇಂಟ್ಸ್ ಫೈಲ್ ಒಂದನ್ನು ಸೇರಿಸಿ, ನಂಪೈ 2ಕ್ಕಿಂತ ಕೆಳಗಿರಲಿ ಎಂದು ಬರೆದೆ. ಈ ಫೈಲ್ ತಾನಾಗಿ ಏನನ್ನೂ ಇನ್‌ಸ್ಟಾಲ್ ಮಾಡುವುದಿಲ್ಲ. ಯಾರಾದರೂ ನಂಪೈ ಕೇಳಿದರೆ ಅದು ಈ ಮಿತಿಯೊಳಗೇ ಇರುವಂತೆ ನೋಡಿಕೊಳ್ಳುತ್ತದೆ. ನಾವು ನೇರವಾಗಿ ಬಳಸದ, ಬೇರೆಯವರ ಬೆನ್ನಿಗೆ ಅಂಟಿಕೊಂಡು ಬರುವ ಪ್ಯಾಕೇಜ್‌ಗಳಿಗೆ ಇದೇ ಸರಿಯಾದ ಜಾಗ. ಆ ವಾರದ ಕೊನೆಯೊಳಗೆ ‘ಪಿಪ್ ಕಂಪೈಲ್’ ಬಳಸಿ ನಲವತ್ತಮೂರು ಪ್ಯಾಕೇಜ್‌ಗಳ ನಿಖರ ಆವೃತ್ತಿಗಳನ್ನೂ ಹ್ಯಾಶ್‌ಗಳನ್ನೂ (ಫೈಲ್ ಬದಲಾಗಿಲ್ಲವೆಂದು ಖಚಿತಪಡಿಸುವ ಗುರುತುಗಳನ್ನೂ) ಒಂದು ಫೈಲ್‌ಗೆ ಇಳಿಸಿ, ರಾತ್ರಿಯ ಬಿಲ್ಡ್ ಅದನ್ನು ಮಾತ್ರ ಓದುವಂತೆ ಮಾಡಿದೆ. ನಾವು ಕೈಯಲ್ಲಿ ಬರೆಯುವ ಚಿಕ್ಕ ಪಟ್ಟಿ ಬೇರೆಯೇ ಉಳಿಯಿತು. ಆವೃತ್ತಿಗಳನ್ನು ಏರಿಸುವುದು ಈಗ ಹಗಲಿನಲ್ಲಿ, ಪ್ರತ್ಯೇಕ ಬ್ರಾಂಚ್‌ನಲ್ಲಿ, ಟೆಸ್ಟ್‌ಗಳ ಎದುರಿನಲ್ಲಿ ನಡೆಯುತ್ತದೆ.

ಕನ್‌ಸ್ಟ್ರೇಂಟ್ಸ್ ಫೈಲ್‌ನ ಆ ಸಾಲಿನ ಪಕ್ಕದಲ್ಲಿ, ಮಿತಿ ಏಕೆ ಬಂತು ಮತ್ತು ಯಾವಾಗ ತೆಗೆಯಬೇಕು ಎಂಬ ಕಾಮೆಂಟ್ ಕೂಡ ಬರೆದಿಟ್ಟಿದ್ದೆ. ಕಾರಣ ಬರೆಯದ ಮಿತಿಗಳನ್ನು ಮುಟ್ಟಲು ಹೆದರಿ ವರ್ಷಗಟ್ಟಲೆ ಹೊತ್ತು ತಿರುಗಿದ ಪ್ರಾಜೆಕ್ಟ್‌ಗಳನ್ನು ನಾನು ನೋಡಿದ್ದೇನೆ. ಆರು ವಾರಗಳ ನಂತರ ವರದಿ ತಂಡ ತನ್ನ ಪ್ಯಾಕೇಜನ್ನು ಪಾಂಡಾಸ್ 2.2ಕ್ಕೆ ಹೊಂದಿಸಿತು. ಕಾಮೆಂಟನ್ನು ಓದಿ ಆ ಸಾಲನ್ನು ಅಳಿಸಿದವರು, ಆ ಸೋಮವಾರ ಇನ್ನೂ ನಮ್ಮ ತಂಡಕ್ಕೆ ಸೇರಿಯೇ ಇರದಿದ್ದ ಹೊಸಬರು.